ಕಿಡ್ನಿಗೆ ಮೂರು ಯೂರಿನ್ ಟೆಸ್ಟ್: ಸ್ಟ್ರಿಪ್, ಕ್ಯಾನ್, ಎಸಿಆರ್

ಸಕ್ಕರೆ ಕಾಯಿಲೆ ಇದ್ದವರು ವರ್ಷಕ್ಕೊಮ್ಮೆ ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆಯಾ ಎಂದು ನೋಡಿಸಬೇಕು. ನನಗೂ ಸಕ್ಕರೆ ಇದೆ, ಸೋಮವಾರಪೇಟೆ ಕಡೆ ತೋಟದಲ್ಲಿ ವಾಸ. ಮೂರು ಬಗೆಯ ಟೆಸ್ಟನ್ನೂ ಮಾಡಿಸಿ ನೋಡಿದ್ದೇನೆ.

ಸ್ಟ್ರಿಪ್ ಅಂದರೆ ಮೂತ್ರದಲ್ಲಿ ಅದ್ದಿ ಬಣ್ಣ ನೋಡುವ ಪಟ್ಟಿ. ಅಗ್ಗ, ಉತ್ತರ ನಿಮಿಷಗಳಲ್ಲಿ ಸಿಗುತ್ತದೆ. ಆದರೆ ಅದು ನೋಡುವುದು ಆ ಹೊತ್ತಿನ ಮೂತ್ರದಲ್ಲಿ ಆಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ಎಷ್ಟು ದಟ್ಟವಾಗಿದೆ ಎಂದಷ್ಟೇ. ಒಂದು ಪ್ಲಸ್ ಅಂದರೆ ಡೆಸಿಲೀಟರಿಗೆ ಸುಮಾರು 30 ಮಿಲಿಗ್ರಾಂ. ಕಕ್ಕಡ ತಿಂಗಳ ಮಳೆಯಲ್ಲಿ ಬೆವರೇ ಇಲ್ಲ, ಮೇಲಿಂದ ಮೇಲೆ ಬಿಸಿ ಕಾಫಿ. ಮೂತ್ರ ನೀರಿನಂತೆ ತೆಳು. ಆಗ ನನ್ನ ರಿಪೋರ್ಟ್ ‘ನಿಲ್’. ಕಾಫಿ ಕೊಯ್ಲಿನ ಬಿಸಿಲಲ್ಲಿ ನೀರು ಕುಡಿಯುವುದೇ ಕಮ್ಮಿ, ಆಗ ಒಂದು ಪ್ಲಸ್. ಕಿಡ್ನಿ ಬದಲಾಯಿತೋ ಹವಾಮಾನವೋ, ಸ್ಟ್ರಿಪ್ ಹೇಳುವುದಿಲ್ಲ.

24 ಗಂಟೆಯ ಕ್ಯಾನ್‌ಗೆ ಈ ತೊಂದರೆ ಇಲ್ಲ. ಬೆಳಗಿನ ಮೊದಲ ಮೂತ್ರ ಚೆಲ್ಲಿ, ಗಂಟೆ ಬರೆದುಕೊಂಡು, ಮರುದಿನ ಅದೇ ಹೊತ್ತಿನವರೆಗೆ ಎಲ್ಲವನ್ನೂ ಹಿಡಿಯಬೇಕು. ಒಟ್ಟು ಪ್ರೋಟೀನ್ 150 ಮಿಲಿಗ್ರಾಂ ಒಳಗಿದ್ದರೆ ಸರಿ. ಒಂದು ಸಲ ತಪ್ಪಿದರೂ ಲೆಕ್ಕ ಕೆಡುತ್ತದೆ. ತೋಟದ ಕೆಲಸದ ದಿನ ಇದು ಆಗುವ ಮಾತಲ್ಲ. ಕ್ಯಾನನ್ನು ತಂಪಾಗಿಡಬೇಕು ಬೇರೆ. ಫ್ರಿಜ್‌ನಲ್ಲಿ ಇಡೋಣ ಎಂದಾಗ ಮನೆಯವಳು ನೋಡಿದ ನೋಟ ಇನ್ನೂ ನೆನಪಿದೆ!

ಆದರೂ ಕ್ಯಾನ್‌ಗೆ ಒಂದು ಹೆಚ್ಚುಗಾರಿಕೆ ಇದೆ. ಪಂದಿ ಕರಿ ತಿಂದರೆ ಪ್ರೋಟೀನ್ ಮೂತ್ರದಲ್ಲಿ ಹೋಗುತ್ತೆ ಅನ್ನುವವರು ನಮ್ಮಲ್ಲಿ ಜಾಸ್ತಿ. ತಿಂದ ಪ್ರೋಟೀನ್ ಹಾಗೇ ಹೊರಬರುವುದಿಲ್ಲ. ದೇಹ ಅದನ್ನು ಒಡೆದು ಬಳಸುತ್ತದೆ, ಉಳಿದ ಸಾರಜನಕವನ್ನು ಲಿವರ್ ಯೂರಿಯಾ ಮಾಡುತ್ತದೆ, ಕಿಡ್ನಿ ಅದನ್ನು ಹೊರಹಾಕುತ್ತದೆ. ಅದೇ ಕ್ಯಾನ್‌ನಲ್ಲಿ ಯೂರಿಯಾ ಅಳೆದರೆ ದಿನಕ್ಕೆ ಎಷ್ಟು ಪ್ರೋಟೀನ್ ತಿನ್ನುತ್ತೀರಿ ಎಂದು ಅಂದಾಜು ಸಿಗುತ್ತದೆ. ಆಲ್ಬುಮಿನ್ ಮಾತ್ರ ರಕ್ತದ್ದು, ಕಿಡ್ನಿಯ ಜರಡಿ ಸಡಿಲವಾದರೆ ಸೋರುವಂಥದ್ದು.

ನನ್ನ ಆಯ್ಕೆ ಎಸಿಆರ್, ಅಂದರೆ ಮೂತ್ರದ ಆಲ್ಬುಮಿನ್‌ಗೂ ಕ್ರಿಯಾಟಿನಿನ್‌ಗೂ ಇರುವ ಅನುಪಾತ. ಬೆಳಗಿನ ಮೊದಲ ಮೂತ್ರ ಒಂದು ಸಣ್ಣ ಬಾಟಲಿ, ಅಷ್ಟೇ. ಕ್ರಿಯಾಟಿನಿನ್ ಎಂಬ ತ್ಯಾಜ್ಯ ಸ್ನಾಯುಗಳಿಂದ ದಿನವಿಡೀ ಹೆಚ್ಚುಕಮ್ಮಿ ಒಂದೇ ಹದದಲ್ಲಿ ಬರುತ್ತದೆ. ಮೂತ್ರ ತೆಳುವಾದರೆ ಆಲ್ಬುಮಿನ್ ಜೊತೆ ಅದೂ ತೆಳುವಾಗುತ್ತದೆ, ಅನುಪಾತ ಕದಲುವುದಿಲ್ಲ. ಹಾಗಾಗಿ ಮಳೆಗಾಲಕ್ಕೂ ಕೊಯ್ಲಿಗೂ ಒಂದೇ ಅಳತೆ. ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ನೆಮ್ಮದಿ. 30ರಿಂದ 300 ಅಂದರೆ ಸೋರಿಕೆ ಶುರು, ಅದಕ್ಕೂ ಮೇಲಾದರೆ ಜೋರು. ಸ್ಟ್ರಿಪ್ ಕಣ್ಣಿಗೆ ಬೀಳದ ಸಣ್ಣ ಸೋರಿಕೆಯೂ ಇಲ್ಲಿ ಸಿಗುತ್ತದೆ.

ಇದಕ್ಕೂ ಕೊರತೆ ಇಲ್ಲವೆಂದಲ್ಲ. ಸ್ನಾಯು ಕರಗಿದ ವಯಸ್ಸಾದವರಲ್ಲಿ ಕ್ರಿಯಾಟಿನಿನ್ ಕಮ್ಮಿ, ಅಂಕಿ ಸುಮ್ನೆ ಏರಿದಂತೆ ಕಾಣಬಹುದು. ಜ್ವರ ಇದ್ದರೆ, ಉರಿಮೂತ್ರ ಇದ್ದರೆ, ಹಿಂದಿನ ದಿನ ಪುಷ್ಪಗಿರಿ ಹತ್ತಿ ಬಂದಿದ್ದರೆ ಟೆಸ್ಟ್ ಮುಂದೂಡಿ. ಒಮ್ಮೆ ಜಾಸ್ತಿ ಬಂತೆಂದು ಗಾಬರಿ ಬೇಡ, ಮೂರರಿಂದ ಆರು ತಿಂಗಳಲ್ಲಿ ಮೂರು ಸಲ ನೋಡಿ ಎರಡರಲ್ಲಿ ಜಾಸ್ತಿ ಇದ್ದರೆ ಮಾತ್ರ ಡಾಕ್ಟರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಆಲ್ಬುಮಿನ್ ಸೋರದೆಯೂ ಕಿಡ್ನಿ ಸೋಸುವ ವೇಗ ಇಳಿಯಬಹುದು. ಅದಕ್ಕೇ ಅದೇ ದಿನ ರಕ್ತದ ಕ್ರಿಯಾಟಿನಿನ್ ಕೂಡ ಮಾಡಿಸಿಕೊಳ್ಳಿ.