ತಿದ್ದಲಾಗದ ನಡವಳಿ: ವರ್ಡ್ ಬೀಗ, ಪಿಡಿಎಫ್ ಮತ್ತು ಸ್ಕ್ರೀನ್‌ಶಾಟ್

ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಸಭಾ ನಡವಳಿಯನ್ನು ಟೈಪ್ ಮಾಡಿ ಸದಸ್ಯರಿಗೆ ಕಳುಹಿಸುವ ಹೊಣೆ ನನ್ನದು. ಒಮ್ಮೆ ವರ್ಡ್ ಕಡತವಾಗಿಯೇ ಕಳುಹಿಸಿದ್ದ ನಡವಳಿಯಲ್ಲಿ, ಕೊಳವೆಬಾವಿ ದುರಸ್ತಿಗೆ ಮಂಜೂರಾಗಿದ್ದ 45,000 ರೂಪಾಯಿ ಯಾರದೋ ಕೈತಪ್ಪಿನಿಂದ 4,500 ಆಗಿ, ಆ ಪ್ರತಿಯೇ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿ, ಮುಂದಿನ ಸಭೆಯ ಅರ್ಧ ಹೊತ್ತು ಮೂಲ ಪ್ರತಿ ಯಾವುದೆಂಬ ವಾದದಲ್ಲಿಯೇ ಕಳೆಯಿತು. ಆ ಬಳಿಕ ಅದೇ ಎರಡು ಪುಟಗಳ ನಡವಳಿಯನ್ನು ಬೇರೆ ಬೇರೆ ವಿಧಗಳಲ್ಲಿ ಸಿದ್ಧಪಡಿಸಿ, ಪ್ರತಿಯೊಂದನ್ನೂ ತಿದ್ದಲು ನಾನೇ ಪ್ರಯತ್ನಿಸಿ ನೋಡಿದೆನು.

ವರ್ಡ್‌ನ ‘ಮಾರ್ಕ್ ಆ್ಯಸ್ ಫೈನಲ್’ ಬೀಗವೇ ಅಲ್ಲ. ಮೇಲ್ಭಾಗದ ಹಳದಿ ಪಟ್ಟಿಯಲ್ಲಿರುವ ‘ಎಡಿಟ್ ಎನಿವೇ’ ಗುಂಡಿಯನ್ನು ಒತ್ತಿದರೆ ಕಡತ ಮತ್ತೆ ತಿದ್ದಲು ತೆರೆದುಕೊಳ್ಳುತ್ತದೆ. ‘ರಿವ್ಯೂ’ ವಿಭಾಗದ ‘ರಿಸ್ಟ್ರಿಕ್ಟ್ ಎಡಿಟಿಂಗ್’ ಪಾಸ್‌ವರ್ಡ್ ಕೇಳುವುದರಿಂದ ಅದಕ್ಕಿಂತ ಮೇಲು. ಆದರೂ ಇಡೀ ಪಠ್ಯವನ್ನು ನಕಲಿಸಿ ಹೊಸ ಕಡತಕ್ಕೆ ಅಂಟಿಸಲು ನನಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ.

ವರ್ಡ್‌ನಂಥದೇ ಉಚಿತ ತಂತ್ರಾಂಶವಾದ ಲಿಬ್ರೆ ಆಫೀಸ್‌ನಲ್ಲಿ ಪಿಡಿಎಫ್ ಆಗಿ ಉಳಿಸುವಾಗ ‘ಸೆಕ್ಯೂರಿಟಿ’ ಪುಟದಲ್ಲಿ ಎರಡು ಬಗೆಯ ಪಾಸ್‌ವರ್ಡ್‌ಗಳಿಗೆ ಅವಕಾಶವಿದೆ: ಒಂದು ಕಡತವನ್ನು ತೆರೆಯಲು ಬೇಕಾದದ್ದು, ಇನ್ನೊಂದು ತಿದ್ದುವ, ನಕಲಿಸುವ, ಮುದ್ರಿಸುವ ಅನುಮತಿಯನ್ನು ಮಾತ್ರ ನಿಯಂತ್ರಿಸುವುದು. ನಡವಳಿಗೆ ಬೇಕಾದದ್ದು ಎರಡನೆಯದು, ಏಕೆಂದರೆ ಸದಸ್ಯರೆಲ್ಲರೂ ಅದನ್ನು ಅಡೆತಡೆಯಿಲ್ಲದೆ ಓದಬೇಕು. ವರ್ಡ್ ತಾನೇ ಪಿಡಿಎಫ್ ಮಾಡುವಾಗ ಕೊಡುವ ಪಾಸ್‌ವರ್ಡ್ ಮೊದಲನೆಯ ಬಗೆಯದು ಎಂಬುದನ್ನು ಗಮನಿಸಬೇಕು. ಅನುಮತಿಯ ಪಾಸ್‌ವರ್ಡ್ ಕೂಡ ಗಟ್ಟಿ ಬೀಗವಲ್ಲ. ಓದುವ ತಂತ್ರಾಂಶ ಅದನ್ನು ಮನ್ನಿಸಿದರಷ್ಟೇ ಅದು ಕೆಲಸ ಮಾಡುತ್ತದೆ, ಮತ್ತು ಕ್ಯೂಪಿಡಿಎಫ್ ಎಂಬ ಉಚಿತ ಸಾಧನ ಒಂದೇ ಆದೇಶದಲ್ಲಿ ಅದನ್ನು ತೆಗೆದುಹಾಕಿತು. ಆದರೆ ನಮ್ಮಲ್ಲಿ ಆದದ್ದು ಕೈತಪ್ಪು, ಮತ್ತು ಅಂಥದ್ದನ್ನು ತಡೆಯಲು ಇಷ್ಟು ಧಾರಾಳ ಸಾಕು.

ಸ್ಕ್ರೀನ್‌ಶಾಟ್ ತೆಗೆದು ಚಿತ್ರವಾಗಿ ಕಳುಹಿಸಿದರೆ ಯಾರೂ ತಿದ್ದಲಾರರೆಂದು ನಮ್ಮ ಸಂಘದಲ್ಲಿ ಹಲವರು ನಂಬಿದ್ದರು. ತೆಗೆಯುವುದೇನೋ ಸುಲಭ: ವಿಂಡೋಸ್ ಕೀಲಿಯೊಂದಿಗೆ ಪ್ರಿಂಟ್ ಸ್ಕ್ರೀನ್ ಒತ್ತಿದರೆ ಇಡೀ ಪರದೆಯ ಚಿತ್ರ ‘ಪಿಕ್ಚರ್ಸ್’ ಒಳಗಿನ ‘ಸ್ಕ್ರೀನ್‌ಶಾಟ್ಸ್’ ಫೋಲ್ಡರ್‌ಗೆ ಸೇರುತ್ತದೆ, ವಿಂಡೋಸ್, ಶಿಫ್ಟ್ ಮತ್ತು ಎಸ್ ಒತ್ತಿದರೆ ಬೇಕಾದ ಭಾಗವನ್ನಷ್ಟೇ ಆರಿಸಬಹುದು. ಆದರೆ ಆ ಚಿತ್ರವನ್ನು ಪೇಂಟ್‌ನಲ್ಲಿ ತೆರೆದು, ದಿನಾಂಕದಲ್ಲಿದ್ದ 1 ಎಂಬ ಅಂಕಿಯನ್ನು ಕತ್ತರಿಸಿ 45,000ದ 4ರ ಮೇಲೆ ಕೂರಿಸಿದಾಗ, ಅಕ್ಷರದ ಗಾತ್ರವೂ ಹಿನ್ನೆಲೆಯ ಬಿಳುಪೂ ಒಂದೇ ಆಗಿದ್ದುದರಿಂದ ಬದಲಾವಣೆ ನನ್ನ ಕಣ್ಣಿಗೇ ಕಾಣಿಸಲಿಲ್ಲ. ತಿದ್ದಲಾಗದ್ದೆಂದು ಭಾವಿಸಿದ್ದ ಪ್ರತಿಯೇ ಎಲ್ಲಕ್ಕಿಂತ ಸುಲಭವಾಗಿ ತಿದ್ದಿಸಿಕೊಂಡಿತ್ತು.

ಸ್ಪಷ್ಟತೆಯಲ್ಲಿಯೂ ಅದು ಹಿಂದುಳಿಯುತ್ತದೆ. 1920×1080 ಪರದೆಯಲ್ಲಿ ಎ4 ಪುಟವೊಂದನ್ನು ಪೂರ್ತಿ ಕಾಣುವಂತೆ ಇಟ್ಟರೆ ಅಂಗುಲಕ್ಕೆ ಹೆಚ್ಚೆಂದರೆ 92 ಚುಕ್ಕೆಗಳು ದೊರೆಯುತ್ತವೆ. ಒಳ್ಳೆಯ ಮುದ್ರಣಕ್ಕೆ 300 ಬೇಕು. ಇಂಗ್ಲಿಷ್ ಅಕ್ಷರಗಳು ಅಷ್ಟರಲ್ಲೇ ನಿಭಾಯಿಸಿಕೊಂಡಾವು. ಕನ್ನಡದಲ್ಲಿ ಒತ್ತಕ್ಷರಗಳು ಕಲಸಿಹೋಗುತ್ತವೆ, ‘ಪ’ದಿಂದ ‘ಫ’ವನ್ನು ಬೇರೆ ಮಾಡುವ ಸೀಳು ಮುಚ್ಚಿಹೋಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳುಹಿಸಿದರೆ ಅದು ಇನ್ನಷ್ಟು ಕುಗ್ಗುವುದರಿಂದ, ಕಳುಹಿಸಲೇಬೇಕಾದಲ್ಲಿ ಡಾಕ್ಯುಮೆಂಟ್ ಆಗಿ ಕಳುಹಿಸುವುದು ಲೇಸು. ಕತ್ತರಿಸಿದ ಭಾಗ ನಿಜವಾಗಿ ಹೋಗಿದೆಯೇ ಎಂಬ ಎಚ್ಚರವೂ ಬೇಕು: 2023ರಲ್ಲಿ ವಿಂಡೋಸ್ 11ರಲ್ಲಿ ಸ್ಕ್ರೀನ್‌ಶಾಟ್ ತೆಗೆಯುವ ಸ್ನಿಪ್ಪಿಂಗ್ ಟೂಲ್‌ನಲ್ಲಿ ಕಂಡುಬಂದ ದೋಷದಿಂದ, ಕತ್ತರಿಸಿ ಅದೇ ಕಡತದ ಮೇಲೆ ಉಳಿಸಿದ ಚಿತ್ರದಲ್ಲಿ ಹಳೆಯ ಭಾಗದ ಅವಶೇಷ ಉಳಿದುಬಿಡುತ್ತಿತ್ತು, ಆಮೇಲೆ ಅದನ್ನು ಸರಿಪಡಿಸಲಾಯಿತು. ಹೀಗಾಗಿ ಹಣ ಪಾವತಿಯ ಸಂದೇಶ ಅಥವಾ ಪರದೆಯ ಮೇಲಿನ ದೋಷಸೂಚನೆಯನ್ನು ತೋರಿಸುವುದಕ್ಕೆ ಮಾತ್ರ ನಾನು ಸ್ಕ್ರೀನ್‌ಶಾಟ್ ಬಳಸುತ್ತೇನೆ.

ಡಿಜಿಟಲ್ ಸಹಿಯ ರೀತಿಯೇ ಬೇರೆ. ಅದು ತಿದ್ದುವುದನ್ನು ತಡೆಯುವುದಿಲ್ಲ, ತಿದ್ದಿದರೆ ಬಯಲು ಮಾಡುತ್ತದೆ. ಕರಾರುಪತ್ರಗಳಿಗೆ ಅದೇ ಸರಿ, ಆದರೆ ಪ್ರಮಾಣಪತ್ರ ಕೊಂಡು ಕಾಲಕಾಲಕ್ಕೆ ನವೀಕರಿಸುವ ಖರ್ಚು ನಮ್ಮ ಸಂಘಕ್ಕೆ ಹೊರೆಯಾಗುತ್ತದೆ.

ಈಗ ನಡವಳಿ ಅನುಮತಿಯ ಪಾಸ್‌ವರ್ಡ್ ಇರುವ ಪಿಡಿಎಫ್ ಆಗಿ ಹೋಗುತ್ತದೆ, ಅದರ ಮುದ್ರಿತ ಪ್ರತಿ ಅಧ್ಯಕ್ಷರ ಸಹಿಯೊಂದಿಗೆ ನಡವಳಿ ಪುಸ್ತಕದಲ್ಲಿರುತ್ತದೆ. ಹಳೆಯ ನುಡಿ ಫಾಂಟ್‌ಗಳ ಬದಲು, ಓದಿ ಹೇಳುವ ಸಾಧನಗಳು ಗುರುತಿಸಬಲ್ಲ ಯೂನಿಕೋಡ್‌ನಲ್ಲಿಯೇ ಟೈಪ್ ಮಾಡುತ್ತೇನೆ, ಮತ್ತು ‘ಸೆಕ್ಯೂರಿಟಿ’ ಪುಟದಲ್ಲಿ ಓದಿ ಹೇಳುವ ಸಾಧನಗಳಿಗೆ ಪಠ್ಯ ದೊರಕಿಸುವ ಆಯ್ಕೆಯನ್ನು ಎಂದೂ ತೆಗೆಯುವುದಿಲ್ಲ. ದೃಷ್ಟಿ ಕಳೆದುಕೊಂಡಿರುವ ನಮ್ಮ ಹಿರಿಯ ಸದಸ್ಯರೊಬ್ಬರು ನಡವಳಿಯನ್ನು ಗಣಕದ ಧ್ವನಿಯಲ್ಲಿ ಕೇಳಿಯೇ ಸಭೆಗೆ ಬರುತ್ತಾರೆ.