ಮಲ್ನಾಡ್ ಮನೇಲಿ ಓಟಿಜಿ, ಹಣ್ಣಿನ ಕಾಬ್ಲರ್: ಸುಮಾರು ಮಳೆಗಾಲ ಕಳೆದ ಮೇಲೆ ಬರೀತಿರೋ ವಿಮರ್ಶೆ

28 ಲೀಟರಿನ ಓಟಿಜಿ (ಓವನ್, ಟೋಸ್ಟರ್, ಗ್ರಿಲ್ಲರ್ ಮೂರೂ ಒಂದರಲ್ಲೇ ಇರೋ ಕರೆಂಟ್ ಒಲೆ), 1500 ವ್ಯಾಟು, ಮೇಲೆ ಎರಡು ರಾಡು ಕೆಳಗೆ ಎರಡು ರಾಡು, ತಿರುಗಿಸೋ ನಾಬು ಮೂರು, ಒಳಗೆ ಫ್ಯಾನೂ ಇಲ್ಲ ಲೈಟೂ ಇಲ್ಲ. ಶಿವಮೊಗ್ಗದ ದುರ್ಗಿಗುಡಿಲಿ ತಗೊಂಡಿದ್ದು, ಇರೋದು ತೀರ್ಥಹಳ್ಳಿ ಕಡೆ ನಮ್ಮ ತೋಟದ ಮನೇಲಿ. ಕಂಪನಿ ಹೆಸರು ಹಾಕ್ತಿಲ್ಲ, ಯಾಕಂದ್ರೆ ಈ ಅಳತೆದು ಯಾವ ಕಂಪನಿದಾದ್ರೂ ಒಳಗೆ ಹೆಚ್ಚುಕಮ್ಮಿ ಒಂದೇ ತರ ಇರತ್ತೆ, ನಾನು ಹೇಳೋದು ಎಲ್ಲದಕ್ಕೂ ಅನ್ವಯ ಆಗತ್ತೆ. ಒಂದೇ ಮಾತಲ್ಲಿ ಕೇಳೋರಿಗೆ: ಮಲ್ನಾಡಲ್ಲಿ ಇದ್ದು, ಮನೆ ಸುತ್ತ ಹಣ್ಣಿದ್ದು, ಓಟಿಜಿ ತಗೊಳ್ಳೋದಾ ಬೇಡ್ವಾ ಅಂತ ಯೋಚನೆ ಮಾಡ್ತಿದ್ರೆ ತಗೊಳ್ಳಿ, ಆದ್ರೆ ಕೇಕ್ ಆಸೆಗೆ ತಗೋಬೇಡಿ, ಕಾಬ್ಲರ್ ಅನ್ನೋ ಹಣ್ಣಿನ ತಿಂಡಿಗೋಸ್ಕರ ತಗೊಳ್ಳಿ.

ಓಟಿಜಿ ಬಗ್ಗೆ ಬರೆಯೋರೆಲ್ಲ ಪೇಟೇಲಿ ಕೂತು, ವೋಲ್ಟೇಜು ಸರಿ ಇರೋ ಅಪಾರ್ಟ್‌ಮೆಂಟಲ್ಲಿ ಸ್ಪಂಜ್ ಕೇಕ್ ಹೇಗೆ ಉಬ್ಬಿತು, ಪಿಜ್ಜಾ ಎಷ್ಟು ನಿಮಿಷಕ್ಕೆ ಆಯ್ತು ಅಂತ ಬರೀತಾರೆ. ಜೂನಿಂದ ಸೆಪ್ಟೆಂಬರ್ ತನಕ ಬಟ್ಟೆ ಒಣಗದ ಮನೇಲಿ, ಪಂಪ್‌ಸೆಟ್ ಹಾಕಿದ ತಕ್ಷಣ ಬಲ್ಬು ಮಂಕಾಗೋ ಲೈನಲ್ಲಿ ಇದು ಹೆಂಗೆ ನಡೀತದೆ ಅಂತ ಯಾರೂ ಹೇಳಲ್ಲ. ಅದಕ್ಕೇ ಸ್ವಲ್ಪ ಉದ್ದ ಬರೀತಿದೀನಿ.

ಕಾಬ್ಲರ್ ಅಂದ್ರೆ ಗೊತ್ತಿಲ್ಲದೋರಿಗೆ, ಅಮೆರಿಕದ ತಿಂಡಿ ಅದು. ಇಂಗ್ಲೆಂಡಿಂದ ಅಲ್ಲಿಗೆ ಹೋಗಿ ನೆಲೆಸಿದೋರಿಗೆ ತಮ್ಮೂರಿನ ಪುಡ್ಡಿಂಗ್, ಪೈ ಮಾಡೋಕೆ ಬೇಕಾದ ಸಾಮಾನು, ಒಲೆ ಸಿಗ್ತಿರ್ಲಿಲ್ಲ, ಹಂಗಾಗಿ ದಪ್ಪ ಕಬ್ಬಿಣದ ಪಾತ್ರೇಲಿ ಸಿಕ್ಕಿದ ಹಣ್ಣು ಹಾಕಿ ಮೇಲೆ ಹಿಟ್ಟು ಮುಚ್ಚಿ ಕೆಂಡದ ಮೇಲೆ ಬೇಯಿಸ್ತಿದ್ರು, ಮುಚ್ಚಳದ ಮೇಲೂ ಕೆಂಡ ಸುರೀತಿದ್ರು. ಇದನ್ನ ನಮ್ಮತ್ತೆಗೆ ಹೇಳಿದಾಗ ಅವರು "ಇದೇನ್ ಹೊಸ್ದಾ ಮಾರಾಯ್ತಿ, ಕೆಳಗೂ ಕೆಂಡ ಮೇಲೂ ಕೆಂಡ ಇಟ್ಟು ಗೆಂಡದ ಅಡ್ಯೆ ಮಾಡ್ತಾರಲ್ಲ ಘಟ್ಟದ ಕೆಳಗೆ" ಅಂದ್ರು. ಖರೇನೇ. ಓಟಿಜಿಲಿ ಕೆಳಗಿನ ರಾಡು ಮೇಲಿನ ರಾಡು ಎರಡೂ ಹಾಕಿದ್ರೆ ಅದೇ ಕೆಲಸ, ಬೂದಿ ಹೊಗೆ ಇಲ್ಲ ಅಷ್ಟೇ.

ಅಲ್ಲಿ ಪೀಚ್, ಬ್ಲ್ಯಾಕ್‌ಬೆರಿ, ಚೆರ್ರಿ ಹಾಕ್ತಾರೆ. ನಮಗೆ ಅದ್ಯಾವುದೂ ಬೇಡ. ಇಲ್ಲಿ ಮೇ ತಿಂಗಳಿಂದ ಹಲಸು, ಅನಾನಸು, ಮಾವು ಒಟ್ಟೊಟ್ಟಿಗೆ ಬಂದು ಯಾರಿಗೆ ಕೊಡೋದು ಅಂತ ಗೊತ್ತಾಗಲ್ಲ, ಕಡುಬು ಮಾಡಿ ಮುಳಕ ಮಾಡಿ ಪಕ್ಕದ ಮನೆಗೆ ಕೊಟ್ಟು ಇನ್ನೂ ಉಳಿದಿರತ್ತೆ.

ನಾನು ಮಾಡೋದು ಅತೀ ಸುಲಭದ್ದು. ಎಂಟೊಂಬತ್ತು ಇಂಚಿನ ಟ್ರೇಲಿ 80 ಗ್ರಾಂ ಬೆಣ್ಣೆ ಹಾಕಿ ಓಟಿಜಿ ಪ್ರೀಹೀಟ್ ಆಗುವಾಗಲೇ, ಅಂದ್ರೆ ಬೇಯಿಸೋಕೆ ಮೊದಲು ಖಾಲಿ ಕಾಯುವಾಗಲೇ, ಒಳಗಿಟ್ಟು ಕರಗಿಸ್ಕೊಳ್ಳೋದು. ಆಕಡೆ ಒಂದು ಕಪ್ ಮೈದಾ, ಮುಕ್ಕಾಲು ಕಪ್ ಸಕ್ಕರೆ, ಎರಡು ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, ಒಂದು ಕಪ್ ಹಾಲು, ಗಂಟಿಲ್ಲದಂಗೆ ಕಲಸಿದ್ರೆ ಆಯ್ತು. ಮೊಟ್ಟೆ ಬೇಡವೇ ಬೇಡ, ನಮ್ಮಂತ ಮನೆಗಳಿಗೆ ಅದು ದೊಡ್ಡ ಅನುಕೂಲ. ಈ ಹಿಟ್ಟನ್ನ ಬಿಸಿ ಬೆಣ್ಣೆ ಮೇಲೆ ಹುಯ್ಯಬೇಕು, ಕಲಸಬಾರದು, ಸೌಟೇ ಹಾಕಬಾರದು. ಅದರ ಮೇಲೆ ಎರಡು ಎರಡೂವರೆ ಕಪ್ ಹಣ್ಣು ಅಲ್ಲಲ್ಲಿ ಹರಡೋದು. 180 ಡಿಗ್ರಿಲಿ 45ರಿಂದ 50 ನಿಮಿಷ. ಹಣ್ಣು ಕೆಳಗೆ ಇಳೀತದೆ, ಹಿಟ್ಟು ಅದರ ಸುತ್ತ ಎದ್ದು ಮೇಲೆ ಬರತ್ತೆ, ಬೆಣ್ಣೆ ಅಂಚಿಗೆ ಸರಿದು ಅಲ್ಲಿ ಹಿಟ್ಟನ್ನ ಕರಿದಂಗೆ ಮಾಡತ್ತೆ. ಆ ಅಂಚಿಗೆ ನಮ್ಮನೇಲಿ ಮಕ್ಕಳಿಂದ ಹಿಡಿದು ದೊಡ್ಡೋರ ತನಕ ಜಗಳ. ಕಲಸಿಬಿಟ್ರೆ ಈ ಅಂಚು ಬರಲ್ಲ, ಮೆತ್ತಗಿನ ಕೇಕ್ ಆಗತ್ತೆ.

ಮನೇಲಿ ಕಡೆದ ಬೆಣ್ಣೆ ಹಾಕೋರು ಗಮನಿಸಿ, ಅದ್ರಲ್ಲಿ ಮಜ್ಜಿಗೆ ಅಂಶ ಜಾಸ್ತಿ ಇರತ್ತೆ, ಟ್ರೇಲಿ ಸಿಡಿದು ತಳದಲ್ಲಿ ಕಪ್ಪು ಕೂರತ್ತೆ. ನೀರಲ್ಲಿ ಎರಡು ಸಲ ತೊಳೆದು ಹಿಂಡಿ ಹಾಕಿ. ಬೆಣ್ಣೇಲಿ ಕೊಬ್ಬು ನೂರಕ್ಕೆ 80 ಭಾಗದಷ್ಟೇ, ಹಂಗಾಗಿ ತುಪ್ಪ ಹಾಕೋದಾದ್ರೆ 65 ಗ್ರಾಂ ಸಾಕು.

ಇನ್ನು ಹಲಸು. ಗಟ್ಟಿ ಸೊಳೆಯ ಬಕ್ಕೆ ಹಲಸೇ ಬೇಕು, ಮೆತ್ತಗಿನ ಬಿಳುವ ಆಗಲ್ಲ, ಅದು ನಾರಾಗಿ ಕರಗಿ ಹಿಟ್ಟನ್ನ ಹಸಿ ಹಸಿ ಮಾಡತ್ತೆ, ಬಿಳುವ ಕಡುಬಿಗೇ ಚೆಂದ. ಬಕ್ಕೆ ಸೊಳೆ ಬೇಳೆ ತೆಗೆದು ಹೆಬ್ಬೆರಳಿನ ಅಗಲಕ್ಕೆ ಹೆಚ್ಚಿ ಬಾಣಲೇಲಿ ಎರಡು ಚಮಚ ಜೋನಿ ಬೆಲ್ಲ ಹಾಕಿ ಸಣ್ಣ ಉರೀಲಿ ಬಾಡಿಸ್ಬೇಕು. ಮೊದಲು ಸೊಳೆ ನೀರು ಬಿಡತ್ತೆ, ಬೆಲ್ಲ ತೆಳ್ಳಗಾಗಿ ನೊರೆ ನೊರೆ ಕುದಿಯತ್ತೆ, ಸ್ವಲ್ಪ ಹೊತ್ತಿಗೆ ನೊರೆ ದೊಡ್ಡ ಗುಳ್ಳೆ ಆಗಿ ಸದ್ದು ಬದಲಾಗತ್ತೆ, ಸೊಳೆ ಅಂಚು ಗಾಜಿನಂಗೆ ಕಾಣತ್ತೆ, ಆಗ ಇಳಿಸಿ. ಅರ್ಧ ನಿಂಬೆಹಣ್ಣು ಹಿಂಡಿ, ಹಲಸಲ್ಲಿ ಹುಳಿ ಇಲ್ಲ, ಕಾಬ್ಲರ್‌ಗೆ ಹುಳಿ ಬೇಕೇ ಬೇಕು, ಇಲ್ಲಾಂದ್ರೆ ಎರಡು ತುತ್ತಿಗೇ ಸಾಕಾಗತ್ತೆ. ಏಲಕ್ಕಿ ಜೊತೆಗೆ ಒಂಚೂರು ಜಾಯಿಕಾಯಿ ತೇದು ಹಾಕಿದ್ರೆ ಬೇಯುವಾಗ ಬರೋ ಪರಿಮಳ ಜಗಲಿ ತನಕ ಬರತ್ತೆ.

ಅನಾನಸಿಗೆ ಬೇರೆ ಕಾಳಜಿ. ಹಸಿ ಅನಾನಸಲ್ಲಿ ಬ್ರೊಮೆಲೈನ್ ಅನ್ನೋ ಕಿಣ್ವ ಇರತ್ತೆ, ಅದು ಹಾಲಿನ ಪ್ರೋಟೀನ್ ಒಡೆದು ಕಹಿ ಮಾಡತ್ತೆ. ಹಾಲು ಹಾಕಿದ ಹಿಟ್ಟಿನ ಮೇಲೆ ಹಸಿ ಹೋಳು ಹಾಕಿ ಪ್ರೀಹೀಟ್ ಆಗ್ಲಿ ಅಂತ ಕಾಯ್ತಾ ಕೂತ್ರೆ ಕಹಿ ಬರೋದು ಇದರಿಂದ್ಲೇ. ಹೋಳನ್ನ ಐದು ನಿಮಿಷ ಸಕ್ಕರೆ ಜೊತೆ ಕುದಿಸಿದ್ರೆ ಕಿಣ್ವ ಸಾಯತ್ತೆ, ಜಾಸ್ತಿ ರಸಾನೂ ಹೋಗತ್ತೆ. ಆ ರಸ ಸೋಸಿಟ್ಕೊಂಡು ತಿನ್ನುವಾಗ ಮೇಲೆ ಹಾಕ್ಕೊಳಿ. ಸೊರಬ, ಬನವಾಸಿ ಕಡೆ ಅನಾನಸು ಚೆನ್ನಾಗಿ ಬೆಳೀತಾರೆ, ಸೀಸನ್ನಲ್ಲಿ ರಸ್ತೆ ಬದೀಲೇ ಗುಡ್ಡೆ ಹಾಕಿರ್ತಾರೆ, ಅದ್ರಲ್ಲಿ ಪೂರ್ತಿ ಹಳದಿ ಆಗಿರೋದಕ್ಕಿಂತ ಮೇಲ್ಗಡೆ ಇನ್ನೂ ಹಸಿರು ಇರೋದನ್ನ ಆರಿಸಿ.

ಮಾವಲ್ಲಿ ಕಾಟುಮಾವು ಬೇಡ, ರಸ ಮತ್ತೆ ನಾರು. ಸ್ವಲ್ಪ ಗಟ್ಟಿ ಇರೋ ತೋತಾಪುರಿ ಒಳ್ಳೇದು. ನೇರಳೆ ಅದ್ಭುತ, ಬಣ್ಣ ನೋಡೋಕೇ ಸಾಲದು, ಬೀಜ ಬಿಡಿಸೋಕೆ ಮನೇಲಿ ಜನ ಇರ್ಬೇಕು ಅಷ್ಟೆ. ಪಪ್ಪಾಯ ನಂಗೆ ಇಷ್ಟ ಆಗ್ಲಿಲ್ಲ.

ಈಗ ಮಶೀನ್ ವಿಷಯಕ್ಕೆ. 1500 ವ್ಯಾಟ್ ಅಂತ ಬರೆದಿರೋದು 230 ವೋಲ್ಟಿಗೆ. ನಮ್ಮ ಫ್ರಿಜ್ ಸ್ಟೆಬಿಲೈಜರ್ ಮೇಲೆ ನಂಬರ್ ಕಾಣತ್ತೆ, ಸಂಜೆ ಹೊತ್ತು ಇಲ್ಲಾ ಪಂಪ್‌ಸೆಟ್ ಓಡುವಾಗ ಅದು 180ಕ್ಕೆ ಬಂದಿರತ್ತೆ. ರಾಡಿನ ಶಾಖ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯೋದು, ಅಂದ್ರೆ 180 ವೋಲ್ಟಲ್ಲಿ 1500 ವ್ಯಾಟಿನ ರಾಡು 900 ಚಿಲ್ಲರೆ ವ್ಯಾಟಿನ ಕೆಲಸ ಮಾಡತ್ತೆ, ನೂರಕ್ಕೆ ನಲವತ್ತರ ಹತ್ರ ಹತ್ರ ಮಾಯ. ಪುಸ್ತಕದಲ್ಲಿ ಹತ್ತು ನಿಮಿಷ ಪ್ರೀಹೀಟ್ ಅಂತ ಇದ್ರೆ ನಮ್ಮಲ್ಲಿ ಇಪ್ಪತ್ತು ಆಗೋದು ಇದಕ್ಕೇ, ಮಶೀನ್ ಕೆಟ್ಟಿದೆ ಅಂತಲ್ಲ. ಇಂಡಿಕೇಟರ್ ಲೈಟ್ ಒಂದು ಸಲ ಆರೋ ತನಕ ಕಾಯಿರಿ, ನಿಮಿಷ ಲೆಕ್ಕ ಹಾಕಬೇಡಿ. ನಾನೀಗ ಬೆಳಿಗ್ಗೆ ತಿಂಡಿ ಕೆಲಸ ಮುಗಿದ ಮೇಲೆ, ಪಂಪ್ ಹಾಕೋಕೆ ಮೊದಲೇ ಇಡ್ತೀನಿ, ಆಗ ವೋಲ್ಟೇಜ್ ಚೆನ್ನಾಗಿರತ್ತೆ.

ಕೇಕ್ ಬೇಡ ಅಂತ ಮೊದಲೇ ಹೇಳಿದ್ದಕ್ಕೂ ಈ ಕರೆಂಟಿನ ಪಾಡೇ ಕಾರಣ. ಕೇಕ್ ಅರ್ಧ ಬೆಂದಾಗ ಕರೆಂಟ್ ಹೋದ್ರೆ ನಡು ಕುಸಿದು ಗಟ್ಟಿ ಆಗಿ ಹೋಗತ್ತೆ. ಕಾಬ್ಲರ್ ಹಂಗಲ್ಲ, ಅದಕ್ಕೆ ಎತ್ತರದ ಹಂಗಿಲ್ಲ, ಮೊದಲೇ ಉಬ್ಬು ತಗ್ಗಾಗೇ ಇರೋ ತಿಂಡಿ. ಅರ್ಧ ಗಂಟೆ ಕಳೆದ ಮೇಲೆ ಕರೆಂಟ್ ಹೋದ್ರೆ ಬಾಗಿಲು ತೆಗೀಬೇಡಿ, ಒಳಗಿನ ಕಾವಿಗೇ ಇನ್ನೂ ಸುಮಾರು ಹೊತ್ತು ಬೇಯ್ತಾ ಇರತ್ತೆ, ಕರೆಂಟ್ ಬಂದ ಮೇಲೆ ಹತ್ತು ನಿಮಿಷ ಕೊಟ್ರೆ ಸಾಕು. ಶುರುವಲ್ಲೇ ಹೋಗಿ ಬರೋ ಲಕ್ಷಣ ಇಲ್ಲ ಅಂದ್ರೆ ಟ್ರೇ ಎತ್ತಿ, ದಪ್ಪ ತಳದ ಪಾತ್ರೆ ಒಳಗೆ ಸ್ಟ್ಯಾಂಡ್ ಇಟ್ಟು ಅದರ ಮೇಲೆ ಕೂರಿಸಿ ಮುಚ್ಚಿ ಗ್ಯಾಸಲ್ಲಿ ಸಣ್ಣ ಉರೀಲಿ ಬೇಯಿಸಿ, ಮೇಲೆ ಕೆಂಪಗಾಗಲ್ಲ, ಆದ್ರೆ ರುಚಿಗೆ ಮೋಸ ಇಲ್ಲ. ಮನೆ ಯುಪಿಎಸ್ ಮೇಲೆ ಓಟಿಜಿ ಹಾಕೋ ಯೋಚನೆ ಮಾತ್ರ ಬೇಡ, ಮಾಮೂಲಿ ಯುಪಿಎಸ್ಸು ಇಷ್ಟು ಲೋಡ್ ಎಳೆಯಲ್ಲ.

ಪ್ಲಗ್ಗೂ ಅಷ್ಟೇ, 1500 ವ್ಯಾಟಿಗೆ ಆರೂವರೆ ಆಂಪಿಯರ್ ಎಳೆಯತ್ತೆ, 6 ಆಂಪಿನ ಸಣ್ಣ ಸಾಕೆಟ್ಟಿಗೆ ಕನೆಕ್ಟರ್ ಸಿಕ್ಕಿಸಿ ಹಾಕಬೇಡಿ. ಹಳೇ ಮನೆ ವೈರಿಂಗ್ ಆದ್ರೆ ಎಲೆಕ್ಟ್ರಿಷಿಯನ್ ಕರೆಸಿ 16 ಆಂಪಿನ ಪವರ್ ಪ್ಲಗ್ಗಿಗೆ ಬೇರೆ ಲೈನ್ ಎಳೆಸಿ, ಅರ್ತಿಂಗ್ ನೋಡಿಸಿ. ಬಿಲ್ಲಿನ ಬಗ್ಗೆ ತುಂಬ ಜನ ಹೆದರ್ತಾರೆ. ಗಂಟೆಪೂರ್ತಿ ರಾಡು ಉರಿದ್ರೆ ಒಂದೂವರೆ ಯೂನಿಟ್, ಆದ್ರೆ ಕಾವು ಮುಟ್ಟಿದ ಮೇಲೆ ಥರ್ಮೋಸ್ಟಾಟ್ ಆಫ್ ಮಾಡಿ ಆನ್ ಮಾಡಿ ನಡೆಸತ್ತೆ, ಮೀಟರ್ ನೋಡ್ಕೊಂಡ್ರೆ ಒಂದು ಕಾಬ್ಲರ್‌ಗೆ ಒಂದು ಯೂನಿಟ್ ಆಚೀಚೆ.

ಥರ್ಮೋಸ್ಟಾಟ್ ನಾಬನ್ನ ಪೂರ್ತಿ ನಂಬಬೇಡಿ. ಒಳಗೆ ನೇತು ಹಾಕೋ ಓವನ್ ಥರ್ಮಾಮೀಟರ್ ತಗೊಂಡು ನೋಡಿದ್ರೆ ನಮ್ಮದ್ರಲ್ಲಿ 180ಕ್ಕೆ ಇಟ್ರೆ ಒಳಗೆ 200 ಹತ್ರ ಹೋಗ್ತಿತ್ತು, ಈಗ ನಾಬು 160ರ ಗೆರೆ ದಾಟಿಸಿ ಇಡ್ತೀನಿ. ಮೊದಲ ಅರ್ಧ ಗಂಟೆ ಕೆಳಗಿನ ರಾಡು ಮಾತ್ರ, ಆಮೇಲೆ ಎರಡೂ. ಮೇಲಿನ ರಾಡು ತುಂಬ ಹತ್ರ ಇರೋದ್ರಿಂದ ಶುರೂಲೇ ಹಾಕಿದ್ರೆ ಮೇಲೆ ಕಪ್ಪು, ಕೆಳಗೆ ಹಸಿ. ಟ್ರೇ ಕೆಳಗಿನಿಂದ ಎರಡನೇ ಗೂಡಲ್ಲಿರ್ಲಿ. ಗಾಜಿನ ಟ್ರೇ ಆದ್ರೆ ಐದತ್ತು ನಿಮಿಷ ಜಾಸ್ತಿ ಕೊಡಿ, ಬಿಸಿ ಗಾಜನ್ನ ತಣ್ಣಗಿನ ಕಡಪ ಕಲ್ಲಿನ ಮೇಲೆ ಇಡಬೇಡಿ.

ಮಳೆಗಾಲ ಇದರ ನಿಜವಾದ ಪರೀಕ್ಷೆ. ಆಗುಂಬೆ ನಮಗೆ ದೂರ ಅಲ್ಲ, ಆರಿದ್ರಾ ಪುನರ್ವಸು ಹೊತ್ತಲ್ಲಿ ಬಾಗಿಲು ಕಿಟಕಿ ಎಲ್ಲ ಉಬ್ಬಿ ಹಾಕೋಕೆ ತೆಗೆಯೋಕೆ ಬರಲ್ಲ, ಚಪ್ಪಲಿ ಬೆಲ್ಟು ಎಲ್ಲದಕ್ಕೂ ಬೂಷ್ಟು. ಓಟಿಜಿಲಿ ಮೊದಲು ತುಕ್ಕು ಹಿಡಿಯೋದು ತಂತಿ ರ‍್ಯಾಕಿಗೆ, ಆಮೇಲೆ ಕೆಳಗೆ ಚೂರು ಬೀಳೋ ಕ್ರಂಬ್ ಟ್ರೇಗೆ, ಕೊನೆಗೆ ಬಾಗಿಲ ಹಿಂಜಿಗೆ. ಬಳಸಿದ ಮೇಲೆ ಬಾಗಿಲು ತೆಗೆದಿಟ್ಟು ಪೂರ್ತಿ ಆರಿಸಿ ಮುಚ್ಚಿ. ವಾರಕ್ಕೊಂದು ಸಲ ಏನೂ ಬೇಯಿಸದಿದ್ರೂ 100 ಡಿಗ್ರಿಲಿ ಹತ್ತು ನಿಮಿಷ ಖಾಲಿ ಓಡಿಸಿ. ಪ್ಲಾಸ್ಟಿಕ್ ಕವರ್ ಹಾಕಬೇಡಿ, ಒಳಗೇ ಬೆವರತ್ತೆ, ಹಳೇ ಪಂಚೆ ಬಟ್ಟೆ ಹೊದಿಸಿದ್ರೆ ಸಾಕು. ಹಚ್ಚೋಕೆ ಮೊದಲು ಒಳಗೆ ಟಾರ್ಚ್ ಬಿಟ್ಟು ನೋಡಿ, ಥಂಡಿಗೆ ಹಲ್ಲಿ ಜಿರಳೆ ಹಿಂದಿನ ತೂತಿಂದ ಬಂದು ಸೇರ್ಕೊಂಡಿರತ್ತೆ. ಬೇಕಿಂಗ್ ಪೌಡರ್ ಡಬ್ಬಿ ಒಡೆದಿಟ್ರೆ ನಮ್ಮ ಗಾಳೀಲಿ ಬೇಗ ಸತ್ವ ಕಳ್ಕೊಳತ್ತೆ, ಅರ್ಧ ಚಮಚನ ಬಿಸಿ ನೀರಿಗೆ ಹಾಕಿ ಬುಸ್ ಅಂತ ನೊರೆ ಬರ್ದಿದ್ರೆ ಹೊಸದು ತನ್ನಿ, ಸಣ್ಣ ಡಬ್ಬಿನೇ ತನ್ನಿ.

ರಿಪೇರಿ ಅಂತ ಬಂದಿದ್ದು ಕೆಳಗಿನ ಒಂದು ರಾಡು ಸುಟ್ಟು ಹೋದಾಗ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ ನಮ್ಮ ಪಿನ್‌ಕೋಡಿಗೆ ಸರ್ವಿಸ್ ಇಲ್ಲ, ಶಿವಮೊಗ್ಗಕ್ಕೆ ತಗೊಂಡು ಬನ್ನಿ ಅಂದ್ರು, ತಗೊಂಡು ಹೋದ್ರೆ ಪಾರ್ಟ್ ಬರ್ಬೇಕು ಅಂತ ವಾರಗಟ್ಟಲೆ ಓಡಾಡಿಸಿದ್ರು. ಬಹಳ ಬೇಜಾರಾಯ್ತು, ಹಳ್ಳಿಯೋರು ದುಡ್ಡು ಕಡಿಮೆ ಏನೂ ಕೊಟ್ಟಿರಲ್ಲ. ಕೊನೆಗೆ ತೀರ್ಥಹಳ್ಳಿಲಿ ಮಿಕ್ಸಿ ರಿಪೇರಿ ಮಾಡೋರೇ ಅಳತೆ ನೋಡಿ ರಾಡು ತರಿಸಿ ಹಾಕಿಕೊಟ್ರು, ಇವತ್ತಿಗೂ ಅದೇ ಓಡ್ತಿದೆ. ತಗೊಳ್ಳುವಾಗ ಅಂಗಡಿಯೋರ ಹತ್ರ ಸರ್ವಿಸ್ ಎಲ್ಲಿ ಅಂತ ಕೇಳೇ ತಗೊಳ್ಳಿ.

ಹೊರಗಿನ ಮೈ ತುಂಬ ಸುಡತ್ತೆ, ಸಣ್ಣ ಮಕ್ಕಳಿರೋ ಮನೇಲಿ ಎತ್ತರಕ್ಕಿಡಿ, ಗೋಡೆಯಿಂದ ಒಂದು ಗೇಣು ಬಿಟ್ಟಿಡಿ. ಜೊತೆಗೆ ಕೊಡೋ ಇಕ್ಕಳ ಭಾರದ ಟ್ರೇ ಎತ್ತೋಕೆ ಗಟ್ಟಿ ಇಲ್ಲ, ದಪ್ಪ ಮಸಿಬಟ್ಟೆ ಎರಡು ಇಟ್ಕೊಳ್ಳಿ. ಲೈಟ್ ಇಲ್ಲದ್ದು ದೊಡ್ಡ ಕೊರತೆ, ಬಣ್ಣ ನೋಡೋಕೆ ಪ್ರತಿ ಸಲ ಟಾರ್ಚ್ ಹಿಡೀಬೇಕು. ಮುಂದೆ ಹೊಸದು ತಗೊಳ್ಳೋದಾದ್ರೆ ಲೈಟೂ ಫ್ಯಾನೂ ಇರೋದನ್ನೇ ತಗೋತೀನಿ, ಫ್ಯಾನ್ ಹಾಕಿದಾಗ 20 ಡಿಗ್ರಿ ಕಡಿಮೆ ಇಟ್ರೆ ಸರಿ ಹೋಗತ್ತೆ. ಅಳತೆ ಮಾತ್ರ 28 ಲೀಟರೇ ಇರ್ಲಿ, ಆರೇಳು ಜನ ಇರೋ ಮನೆಗೆ ಒಂದು ಟ್ರೇ ಕಾಬ್ಲರ್ ಸರಿಯಾಗಿ ಆಗತ್ತೆ, ಇದಕ್ಕಿಂತ ಚಿಕ್ಕದ್ರಲ್ಲಿ ಟ್ರೇ ಮೇಲಿನ ರಾಡಿಗೆ ಹತ್ರ ಬಂದು ಬೇಗ ಸೀಯತ್ತೆ.