ಎಂಜಿನ್ ಬಿಸಿಯಾಯಿತೆಂದು ಥರ್ಮೋಸ್ಟಾಟ್ ತೆಗೆಸುವ ಮುನ್ನ

ಹತ್ತು ವರ್ಷ ಹಳೆಯದಾದ, 1,10,000 ಕಿಲೋಮೀಟರ್ ಓಡಿದ್ದ ನನ್ನ ಪೆಟ್ರೋಲ್ ಕಾರಿನ ಎಂಜಿನ್ ಒಮ್ಮೆ ಬಿಸಿಯಾದಾಗ, ಒಂದು ಗ್ಯಾರೇಜಿನವರು ಎಂಜಿನ್ನಿನ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟನ್ನೇ ಕಿತ್ತು ಹಾಕಿದರು. ನಾನು ಅದಕ್ಕೆ ಒಪ್ಪಿದೆ. ಹದಿನಾಲ್ಕು ತಿಂಗಳ ನಂತರ ಅದೇ ಎಂಜಿನ್ನಿನ ಟೈಮಿಂಗ್ ಚೈನ್ (ಪಿಸ್ಟನ್ ಮತ್ತು ವಾಲ್ವುಗಳ ಓಟವನ್ನು ತಾಳೆಯಾಗಿಡುವ ಸರಪಳಿ), ಅದನ್ನು ಬಿಗಿಹಿಡಿಯುವ ಟೆನ್ಷನರ್, ಅದು ಜಾರುವ ಗೈಡುಗಳು, ವಾಟರ್ ಪಂಪ್ ಎಲ್ಲವನ್ನೂ ಬದಲಿಸಿ 41,500 ರೂಪಾಯಿ ತೆರಬೇಕಾಯಿತು. ಬಿಸಿಯ ತೊಂದರೆಗೂ ಚೈನಿನ ಸವೆತಕ್ಕೂ ನಂಟಿರಬಹುದೆಂದು ಆವರೆಗೆ ಯಾರೂ ನನಗೆ ಹೇಳಿರಲಿಲ್ಲ. ಹಳೆಯ ಕಾರನ್ನು ಜೋಪಾನವಾಗಿ ಇಟ್ಟುಕೊಂಡಿರುವವರಿಗೆ ಉಪಯೋಗವಾಗಲೆಂದು ನಡೆದದ್ದನ್ನು ನಡೆದಂತೆಯೇ ಬರೆಯುತ್ತಿದ್ದೇನೆ.

2023ರ ಮಾರ್ಚ್‌ನಲ್ಲಿ ಮಂಗಳೂರಿನಿಂದ ಬೆಂಗಳೂರಿಗೆ ಬರುವಾಗ, ಗುಂಡ್ಯ ದಾಟಿ ಶಿರಾಡಿ ಘಾಟಿಯನ್ನು ಲಾರಿಗಳ ಹಿಂದೆ ಮೊದಲ ಮತ್ತು ಎರಡನೇ ಗೇರಿನಲ್ಲಿ ಏರುತ್ತಿದ್ದೆ. ಯಾವತ್ತೂ ನಡುಮಧ್ಯದಲ್ಲಿ ನಿಲ್ಲುವ ತಾಪಮಾನದ ಮುಳ್ಳು ಮುಕ್ಕಾಲು ಭಾಗ ದಾಟಿತು. ಎಸಿ ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಜಾಗ ಸಿಕ್ಕಿದಲ್ಲಿ ನಿಲ್ಲಿಸಿದೆ. ಮುಕ್ಕಾಲು ಗಂಟೆ ಕಾದು ನೋಡಿದರೆ ಎಂಜಿನ್ ತಣಿಸುವ ದ್ರವದ, ಅಂದರೆ ಕೂಲೆಂಟಿನ, ಡಬ್ಬಿ ಬರಿದಾಗಿತ್ತು. ಕುಡಿಯುವ ನೀರಿನ ಎರಡು ಬಾಟಲಿ ಸುರಿದುಕೊಂಡು ಹೇಗೋ ಊರು ಸೇರಿದೆ. ಇಲ್ಲಿಯವರೆಗೆ ನಾನು ಮಾಡಿದ್ದರಲ್ಲಿ ದೊಡ್ಡ ತಪ್ಪಿರಲಿಲ್ಲ.

ತಪ್ಪು ಆದದ್ದು ಮರುದಿನ. ಮನೆಯ ಹತ್ತಿರದ ಗ್ಯಾರೇಜಿನಲ್ಲಿ ಕೂಲೆಂಟ್ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ರೇಡಿಯೇಟರ್ ಬಾಯಿಗೆ ಪಂಪ್ ಕೂಡಿಸಿ ಒತ್ತಡ ಕೊಟ್ಟು ಹದಿನೈದು ನಿಮಿಷ ಬಿಟ್ಟಿದ್ದರೆ, ಸೋರಿಕೆ ಇದ್ದಲ್ಲಿ ಆ ಪಂಪಿನ ಒತ್ತಡದ ಮುಳ್ಳು ತಾನೇ ಇಳಿದು ತೋರಿಸುತ್ತಿತ್ತು. ಅದರ ಬದಲು "ನಮ್ಮ ಸೆಕೆಗೆ ಥರ್ಮೋಸ್ಟಾಟ್ ಬೇಕಾಗಿಲ್ಲ ಸಾರ್, ಅದು ಚಳಿ ದೇಶದವರಿಗೆ" ಎಂದು ಅದನ್ನು ತೆಗೆದು, ಬೋರ್‌ವೆಲ್ ನೀರು ತುಂಬಿಸಿ, 1,200 ರೂಪಾಯಿ ತೆಗೆದುಕೊಂಡರು. ಮುಳ್ಳು ಮಧ್ಯಕ್ಕಿಂತ ಕೆಳಗೇ ನಿಲ್ಲತೊಡಗಿತು. ನನಗೆ ಸಮಾಧಾನವಾಯಿತು.

ಥರ್ಮೋಸ್ಟಾಟ್ ಎಂದರೆ ಎಂಜಿನ್ ಮತ್ತು ರೇಡಿಯೇಟರ್ ನಡುವಿನ ಬಾಗಿಲು. ಅದು ಸುಮಾರು 82ರಿಂದ 90 ಡಿಗ್ರಿ ಸೆಲ್ಸಿಯಸ್‌ವರೆಗೆ ಮುಚ್ಚಿದ್ದು, ಎಂಜಿನ್ ಬೇಗ ಕಾಯುವಂತೆ ಮಾಡಿ, ಆಮೇಲೆ ತೆರೆದುಕೊಳ್ಳುತ್ತದೆ. ಬಾಗಿಲನ್ನೇ ಕಿತ್ತರೆ, ದಿನವೂ ಆರು ಕಿಲೋಮೀಟರ್ ಕಚೇರಿಗೆ ಹೋಗಿಬರುವ ನನ್ನಂಥವರ ಎಂಜಿನ್ ಪೂರ್ತಿ ಕಾಯುವುದೇ ಇಲ್ಲ. ಕಾದಿಲ್ಲವೆಂದು ತಿಳಿದ ಇಸಿಎಂ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಹೆಚ್ಚು ಪೆಟ್ರೋಲ್ ಕೊಡುತ್ತದೆ, ಉರಿಯದೆ ಉಳಿದದ್ದು ಸಿಲಿಂಡರಿನ ಗೋಡೆಯಿಂದ ಇಳಿದು ಎಂಜಿನ್ ಆಯಿಲ್ ಸೇರುತ್ತದೆ, ಆಯಿಲ್ ಕಾಯದ ಕಾರಣ ಆ ಪೆಟ್ರೋಲ್ ಆವಿಯಾಗಿ ಹೊರಹೋಗುವುದೂ ಇಲ್ಲ. ತೆಳುವಾದ ಆ ಆಯಿಲಿನಲ್ಲೇ ಟೈಮಿಂಗ್ ಚೈನ್ ತಿರುಗಬೇಕು. ಜೊತೆಗೆ, ಹಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆಯುವಾಗ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದು ಇಲ್ಲದಿದ್ದರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿಗೇ ಮರಳುವುದರಿಂದ, ಏರುದಾರಿಯಲ್ಲಿ ಇನ್ನೂ ಬೇಗ ಬಿಸಿಯಾಗುತ್ತದೆ. ಇನ್ನು ಬೋರ್‌ವೆಲ್ ನೀರಿನ ಸುಣ್ಣದ ಅಂಶ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಪದರ ಕಟ್ಟುತ್ತದೆ. ತುಕ್ಕು ತಡೆಯುವ ಗುಣವೂ, 100 ಡಿಗ್ರಿ ದಾಟಿದರೂ ಕುದಿಯದೆ ತಡೆದುಕೊಳ್ಳುವ ಗುಣವೂ ಕೂಲೆಂಟಿಗೆ ಇರುವಷ್ಟು ಬರೀ ನೀರಿಗೆ ಇಲ್ಲ.

ಮೈಲೇಜ್ 16ರಿಂದ 13ಕ್ಕೆ ಇಳಿಯಿತು, ಟ್ರಾಫಿಕ್ ಕಾರಣವೆಂದುಕೊಂಡೆ. ಡಿಪ್‌ಸ್ಟಿಕ್ ತೆಗೆದು ನೋಡಿದರೆ ಆಯಿಲ್ ಮಟ್ಟ ಇಳಿದೇ ಇರಲಿಲ್ಲ, ಎಂಜಿನ್ ಆರೋಗ್ಯವಾಗಿದೆ ಎಂದುಕೊಂಡೆ. ಅದೇ ವರ್ಷದ ನವೆಂಬರಿನಲ್ಲಿ, ಬೆಳಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಎಂಜಿನ್ನಿನ ಬೆಲ್ಟ್ ಇರುವ ಬದಿಯಿಂದ ತಗಡಿನ ಡಬ್ಬಿಯಲ್ಲಿ ಮೊಳೆ ಕುಲುಕಿದಂಥ ಸದ್ದು ಎರಡು ಮೂರು ಸೆಕೆಂಡು ಬಂದು ನಿಲ್ಲತೊಡಗಿತು. ಟೆನ್ಷನರ್ ಆಯಿಲಿನ ಒತ್ತಡದಿಂದಲೇ ಚೈನನ್ನು ಬಿಗಿಹಿಡಿಯುವ ಎಂಜಿನ್‌ಗಳಲ್ಲಿ ಚೈನ್ ಸವೆತದ ಮೊದಲ ಸೂಚನೆ ಬಹುತೇಕ ಇದೇ: ರಾತ್ರಿಯಿಡೀ ನಿಂತ ಮೇಲೆ ಒತ್ತಡ ಏರುವವರೆಗೆ ಸಡಿಲವಾದ ಚೈನ್ ಗೈಡಿಗೆ ಬಡಿಯುತ್ತದೆ. ಗ್ಯಾರೇಜಿನವರು ವಾಲ್ವುಗಳನ್ನು ಒತ್ತುವ ಟ್ಯಾಪೆಟ್ ಸದ್ದು ಎಂದು ಹೇಳಿ, ಕಂಪನಿ ಹೇಳಿದ್ದ 5ಡಬ್ಲ್ಯೂ-30 ಬಿಟ್ಟು ದಪ್ಪನೆಯ 20ಡಬ್ಲ್ಯೂ-50 ಆಯಿಲ್ ಹಾಕಿದರು. ತಣ್ಣಗಿರುವಾಗ ದಪ್ಪ ಆಯಿಲ್ ಟೆನ್ಷನರಿಗೆ ತಲುಪುವುದು ಇನ್ನೂ ತಡ, ಹಾಗಾಗಿ ಸದ್ದು ಐದು ಸೆಕೆಂಡಿಗೆ ಬೆಳೆಯಿತು.

ಜನವರಿಯಲ್ಲಿ ಚೆಕ್ ಎಂಜಿನ್ ದೀಪ ಹೊತ್ತಿತು. ಸ್ಕ್ಯಾನರಿನಲ್ಲಿ ಬಂದ ಕೋಡ್ ಪಿ0016, ಅಂದರೆ ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟ್ ಮತ್ತು ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟುಗಳ ಸ್ಥಾನ ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಕ್ಯಾಮ್ ಸೆನ್ಸರ್ ಬದಲಿಸಿದರು, ವಾರದಲ್ಲಿ ದೀಪ ಮತ್ತೆ ಬಂತು. ಕ್ರ್ಯಾಂಕ್ ಸೆನ್ಸರ್ ಬದಲಿಸಿದರು, ಮತ್ತೆ ಬಂತು. ಪಿ0016 ಬಂದಾಗ ಸೆನ್ಸರ್, ವೈರಿಂಗ್, ವಾಲ್ವ್ ಟೈಮಿಂಗ್ ಬದಲಿಸುವ ಸೊಲೆನಾಯ್ಡ್, ಚೈನ್ ಇಷ್ಟನ್ನೂ ಅನುಮಾನಿಸಬೇಕು, ಅಳತೆ ಮಾಡಿ ಒಂದೊಂದನ್ನೇ ಬಿಡುತ್ತಾ ಬರಬೇಕು. ಇನ್ನೊಂದು ಸಂಗತಿಯೂ ಆಮೇಲೆ ಗೊತ್ತಾಯಿತು: ಆರಂಭದಲ್ಲೇ ಪಿ0128, ಅಂದರೆ ಎಂಜಿನ್ ಕಾಯಬೇಕಾದಷ್ಟು ಕಾಯುತ್ತಿಲ್ಲ ಎಂಬ ಕೋಡ್ ಬಂದಿತ್ತು, ಅದನ್ನು ನನಗೆ ಹೇಳದೆ ಅಳಿಸಿದ್ದರು. ದಯವಿಟ್ಟು ಕೋಡ್ ಅಳಿಸುವ ಮುಂಚೆ ಸ್ಕ್ಯಾನರಿನ ಪರದೆಯ ಒಂದು ಫೋಟೊ ತೆಗೆದುಕೊಳ್ಳಿ.

2024ರ ಮೇ ತಿಂಗಳಲ್ಲಿ ಕುಣಿಗಲ್ ದಾಟಿದ ಮೇಲೆ ಮುಳ್ಳು ಮತ್ತೆ ಮೇಲೇರಿತು. ಆಮೇಲೆ ಇದ್ದಕ್ಕಿದ್ದಂತೆ ಕೆಳಗೆ ಬಿತ್ತು. ತಣ್ಣಗಾಯಿತೆಂದು ನಾನು ಇನ್ನೂ ಎರಡು ಕಿಲೋಮೀಟರ್ ಓಡಿಸಿದೆ. ಇದನ್ನು ಓದುವವರು ನೆನಪಿಡಬೇಕು: ನೀರು ಖಾಲಿಯಾಗಿ ಸೆನ್ಸರ್ ಬರೀ ಗಾಳಿಯಲ್ಲಿ ಉಳಿದರೆ, ಎಂಜಿನ್ ಸುಡುತ್ತಿದ್ದರೂ ಮುಳ್ಳು ಹೀಗೆ ಬೀಳಬಹುದು. ಬಾನೆಟ್ ಸಂದಿನಿಂದ ಹಬೆ ಬಂದ ಮೇಲೆ ನಿಲ್ಲಿಸಿದೆ. ಎಳೆದುಕೊಂಡು ಹೋದ ಗ್ಯಾರೇಜಿನವರು ಬಾನೆಟ್ ತೆರೆದ ಐದೇ ನಿಮಿಷದಲ್ಲಿ ಹೆಡ್ ಗ್ಯಾಸ್ಕೆಟ್ (ಸಿಲಿಂಡರುಗಳಿಗೂ ಅವುಗಳ ಮೇಲಿನ ಹೆಡ್‌ಗೂ ನಡುವೆ ಸೋರದಂತೆ ತಡೆಯುವ ಪದರ) ಹೋಗಿದೆ, 48,000 ಆಗುತ್ತದೆ ಎಂದರು. ಯಾವ ಪರೀಕ್ಷೆಯೂ ಇಲ್ಲ.

ಆ ಮಾತು ಕೇಳಿ ನನಗೆ ಹೆದರಿಕೆಯಾಯಿತು, ಆದರೂ ಒಪ್ಪದೆ, ಸಂಬಂಧಿಕರು ಹೇಳಿದ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಕಾರನ್ನು ಸಾಗಿಸಿದೆ. ಅವರು ಮೊದಲು ಡಿಪ್‌ಸ್ಟಿಕ್ ಹೊರಗೆಳೆದು ಬಿಳಿ ಬಟ್ಟೆಗೆ ಒರೆಸಿ, ಮೂಸಿ ನೋಡಿ, ನನ್ನ ಕೈಗೆ ಕೊಟ್ಟರು. ಆಯಿಲ್ ಮ್ಯಾಕ್ಸ್ ಗೆರೆಗಿಂತ ಒಂದು ಬೆರಳು ಮೇಲಿತ್ತು, ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯಿತು. ಅದು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿರಲಿಲ್ಲ, ಅಂದರೆ ನೀರು ಸೇರಿರುವ ಲಕ್ಷಣ ಕಾಣಲಿಲ್ಲ. ಬಳಿಕ ನೀರು ತುಂಬಿಸಿ, ರೇಡಿಯೇಟರ್ ಬಾಯಿಗೆ ನೀಲಿ ದ್ರವದ ಒಂದು ಗಾಜಿನ ನಳಿಗೆ ಕೂರಿಸಿ ಎಂಜಿನ್ ಚಾಲೂ ಮಾಡಿದರು. ಸಿಲಿಂಡರಿನ ಹೊಗೆ ಕೂಲೆಂಟಿಗೆ ನುಗ್ಗುತ್ತಿದ್ದರೆ ಆ ದ್ರವ ಹಳದಿಯಾಗುತ್ತದೆ. ಹತ್ತು ನಿಮಿಷವಾದರೂ ನೀಲಿಯಾಗಿಯೇ ಉಳಿಯಿತು. ಹೆಡ್ ಗ್ಯಾಸ್ಕೆಟ್ ಚೆನ್ನಾಗಿತ್ತು.

ಸೋರಿಕೆ ಇದ್ದದ್ದು ವಾಟರ್ ಪಂಪಿನಲ್ಲಿ. ಪಂಪಿನ ಕೆಳಗಿನ ಸಣ್ಣ ರಂಧ್ರದಿಂದ ಹಳೆಯ ಕೂಲೆಂಟಿನ ಒಣಗಿದ ಗುಲಾಬಿ ಗೆರೆಯೊಂದು ಇಳಿದಿತ್ತು. ಹದಿನಾಲ್ಕು ತಿಂಗಳ ಹಿಂದೆ ಯಾರಾದರೂ ಟಾರ್ಚ್ ಹಿಡಿದು ನೋಡಿದ್ದರೆ ಕಾಣುತ್ತಿತ್ತು. ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಆಮೇಲೆ ವಾಲ್ವ್ ಕವರ್ ತೆಗೆದು, ಕ್ರ್ಯಾಂಕ್ ಪುಲ್ಲಿಯ ಗುರುತನ್ನು ಸರಿಹೊಂದಿಸಿ ಕ್ಯಾಮ್ ಗುರುತು ತೋರಿಸಿದರು. ಅದು ಅರ್ಧ ಹಲ್ಲಿನಷ್ಟು ಹಿಂದೆ ಬಿದ್ದಿತ್ತು. ಟೆನ್ಷನರಿನ ಪಿಸ್ಟನ್ ಚಾಚಬಹುದಾದಷ್ಟೂ ಚಾಚಿ ನಿಂತಿತ್ತು, ಪ್ಲಾಸ್ಟಿಕ್ ಗೈಡಿನಲ್ಲಿ ಚೈನ್ ಕೊರೆದ ಎರಡು ಕಾಲುವೆಗಳಿದ್ದವು. ಹೊಸ ಚೈನನ್ನು ಅಡ್ಡಲಾಗಿ ಒಂದು ತುದಿಯಲ್ಲಿ ಹಿಡಿದಾಗ ಅದು ಬಹುಮಟ್ಟಿಗೆ ನೇರ ನಿಂತಿತು, ಹಳೆಯದು ಬಿಲ್ಲಿನಂತೆ ಬಾಗಿತು. ಕೊಂಡಿಗಳು ಎಳೆದು ಉದ್ದವಾಗಿರುವುದಿಲ್ಲ, ಒಂದೊಂದು ಪಿನ್ನೂ ಸ್ವಲ್ಪ ಸ್ವಲ್ಪ ಸವೆದು, ಎಲ್ಲ ಸೇರಿ ಚೈನ್ ಉದ್ದವಾಗುತ್ತದೆ ಎಂದು ಅವರು ವಿವರಿಸಿದರು. ಒಂದು ಲಕ್ಷ ದಾಟಿದ ಎಂಜಿನ್ನಿನಲ್ಲಿ ವಯಸ್ಸಿನ ಸವೆತವೂ ಸೇರಿರುತ್ತದೆ, ಎಲ್ಲವನ್ನೂ ಥರ್ಮೋಸ್ಟಾಟ್ ಮೇಲೆ ಹೊರಿಸಲಾಗದು ಎಂಬುದನ್ನೂ ಅವರು ಪ್ರಾಮಾಣಿಕವಾಗಿ ಹೇಳಿದರು.

ಈಗ ಹೊಸ ಥರ್ಮೋಸ್ಟಾಟ್ ಇದೆ, ಡಿಸ್ಟಿಲ್ಡ್ ನೀರಿನೊಂದಿಗೆ ಸಮಪಾಲು ಬೆರೆಸಿದ ಕೂಲೆಂಟ್ ಇದೆ, ಆಯಿಲ್ 5ಡಬ್ಲ್ಯೂ-30ಕ್ಕೆ ಮರಳಿದೆ. ಮುಳ್ಳನ್ನು ಪೂರ್ತಿ ನಂಬುವುದನ್ನು ಬಿಟ್ಟಿದ್ದೇನೆ, ಏಕೆಂದರೆ ಅನೇಕ ಕಾರುಗಳಲ್ಲಿ ತಾಪಮಾನ ಹತ್ತಿಪ್ಪತ್ತು ಡಿಗ್ರಿ ಏರಿಳಿದರೂ ಮುಳ್ಳು ಮಧ್ಯದಲ್ಲೇ ನಿಲ್ಲುವಂತೆ ಮಾಡಿರುತ್ತಾರೆ. ಒಂದು ಸಣ್ಣ ಬ್ಲೂಟೂತ್ ಸ್ಕ್ಯಾನರ್ ಕೊಂಡು ಮೊಬೈಲಿನಲ್ಲೇ ನಿಜವಾದ ಅಂಕಿ ನೋಡುತ್ತೇನೆ.

ನಿಮ್ಮ ಕಾರಿನಲ್ಲಿ ಬೆಳಗಿನ ಆ ಸದ್ದೂ ಪಿ0016 ಕೋಡೂ ಒಟ್ಟಿಗೆ ಬಂದಿದ್ದರೆ, ಗ್ಯಾರೇಜಿಗೆ ಓಡಿಸಿಕೊಂಡು ಹೋಗಬೇಡಿ, ಹೊತ್ತೊಯ್ಯುವ ಗಾಡಿ ಕರೆಸಿ. ಚೈನ್ ಹಲ್ಲು ಹಾರಿದರೆ ಬಹಳಷ್ಟು ಎಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವುಗಳಿಗೆ ಬಡಿಯುತ್ತದೆ, ವಾಲ್ವುಗಳು ಬಾಗುತ್ತವೆ. ಆಗ ಹೆಡ್ ಬಿಚ್ಚದೆ ಬೇರೆ ದಾರಿ ಉಳಿಯುವುದಿಲ್ಲ.